ಗಲ್ಲಾದ ಮಾತು ಫೋನಿಗೆ ಹೋಯಿತು: ‘ಕಂಟೆಂಟ್’ ಕೆಲಸದವರು ನಮ್ಮ ಹೋಟೆಲಿಗೆ ಬೇಕೇ?



ಒಂದು ಸಭೆ ಮುಗಿದು ಎಲ್ಲರೂ ಕಾಫಿ ಕುಡಿಯುತ್ತಿದ್ದಾಗ ಹಿರಿಯ ಮಾಲಕರೊಬ್ಬರು ನಮ್ಮನ್ನು ಬದಿಗೆ ಕರೆದು ಕೇಳಿದರು: “ನಮ್ಮ ಮಗ ಹೋಟೆಲಿಗೆ ಒಬ್ಬ ಕಂಟೆಂಟಿನವನನ್ನು ಸಂಬಳಕ್ಕೆ ಇಡಬೇಕು ಅಂತ ಹಟ ಹಿಡಿದಿದ್ದಾನೆ ಮಾರಾಯ್ರೇ. ಆ ಜನ ಅಡುಗೆ ಮಾಡುವುದಿಲ್ಲ, ಸಪ್ಲೈ ಮಾಡುವುದಿಲ್ಲ, ಗಲ್ಲಾದಲ್ಲಿಯೂ ಕೂರುವುದಿಲ್ಲ. ಮತ್ತೆ ಸಂಬಳ ಯಾವುದಕ್ಕೆ?”

ಅಂದು ನಾವು ಸರಿಯಾದ ಉತ್ತರ ಕೊಡಲಿಲ್ಲ. ಆ ವಿಷಯದಲ್ಲಿ ನಾವೇ ಒಮ್ಮೆ ಕೈ ಸುಟ್ಟುಕೊಂಡು, ಎರಡನೆಯ ಸಲ ಸ್ವಲ್ಪ ಸುಧಾರಿಸಿಕೊಂಡಿದ್ದೆವು ಅಷ್ಟೆ. ನಮ್ಮ ವಿದ್ಯೆ ಹತ್ತನೆಯ ತರಗತಿ. ಅದೂ ಹಗಲಲ್ಲಿ ಕಪ್ಪು-ಬಶಿ ತೊಳೆದು, ರಾತ್ರಿ ಕನ್ನಡ ಶಾಲೆಗೆ ಹೋಗಿ ಪಾಸಾದದ್ದು. ಮಾರ್ಕೆಟಿಂಗ್ ಶಾಸ್ತ್ರ ಓದಿದವರು ನಾವಲ್ಲ. ಆದರೆ ಮೂವತ್ತು ವರ್ಷ ಗಲ್ಲಾದಲ್ಲಿ ಕುಳಿತವರಿಗೆ ಗಿರಾಕಿ ಯಾಕೆ ಬರುತ್ತಾರೆ, ಯಾಕೆ ಬಿಟ್ಟು ಹೋಗುತ್ತಾರೆ ಎಂಬುದು ಅಷ್ಟಿಷ್ಟು ತಿಳಿದಿರುತ್ತದೆ. ಅದೇ ಧೈರ್ಯದಿಂದ ಬರೆಯುತ್ತಿದ್ದೇವೆ.

ಮೊದಲು ಈ ಕಂಟೆಂಟ್ ಎಂದರೇನು ಎಂಬುದು. ನಮ್ಮ ಭಾಷೆಯಲ್ಲಿ ಹೇಳುವುದಾದರೆ ಹೋಳಿಗೆಯೊಳಗಿನ ಹೂರಣ. ಜಾಹೀರಾತು ಎಂದರೆ ‘ನಮ್ಮದು ಒಳ್ಳೆಯದು, ನಮ್ಮಲ್ಲಿಗೇ ಬನ್ನಿ’ ಎಂದು ಹೇಳುವುದು. ಕಂಟೆಂಟ್ ಎಂದರೆ ಬನ್ನಿ ಎಂದು ಹೇಳದೆಯೇ, ಗಿರಾಕಿಗೆ ಉಪಯೋಗಕ್ಕೆ ಬರುವ ಅಥವಾ ಕೇಳಲು ಮನಸ್ಸಾಗುವ ಯಾವುದೋ ವಿಷಯವನ್ನು ಬರೆದು, ಫೋಟೋ ತೆಗೆದು, ವೀಡಿಯೋ ಮಾಡಿ ಕೊಡುವುದು. ಉದಾಹರಣೆಗೆ, ಚಳಿಗಾಲದಲ್ಲಿ ದೋಸೆ ಹಿಟ್ಟು ಯಾಕೆ ತಡವಾಗಿ ಹುಳಿ ಬರುತ್ತದೆ? ಇಡ್ಲಿಯ ಅಕ್ಕಿ ಬೇರೆ, ದೋಸೆಯ ಅಕ್ಕಿ ಬೇರೆ ಯಾಕೆ? ಮನೆಯಲ್ಲಿ ಐವತ್ತು ಜನರ ಪೂಜೆ ಇದ್ದರೆ ಏನೇನು ಎಷ್ಟು ಆರ್ಡರ್ ಕೊಡಬೇಕು? ಇಂಥದ್ದನ್ನು ಹೇಳಿದವರ ಮೇಲೆ ಗಿರಾಕಿಗೆ ಒಂದು ನಂಬಿಕೆ ಬರುತ್ತದೆ. ವ್ಯಾಪಾರ ಆ ನಂಬಿಕೆಯ ಹಿಂದಿನಿಂದ ಬರುತ್ತದೆ, ತಡವಾಗಿ ಬರುತ್ತದೆ.

ಇದು ಫೋನು ಬಂದ ಮೇಲೆ ಹುಟ್ಟಿದ ವಿದ್ಯೆ ಎಂದು ತಿಳಿಯಬಾರದು. ಅಮೆರಿಕದ ಜಾನ್ ಡಿಯರ್ ಎಂಬ ನೇಗಿಲು, ಟ್ರ್ಯಾಕ್ಟರಿನ ಕಂಪೆನಿ 1895ರಲ್ಲಿಯೇ ರೈತರಿಗಾಗಿ ‘ದ ಫರೋ’ ಎಂಬ ಪತ್ರಿಕೆ ಶುರು ಮಾಡಿತು. ಫ್ರಾನ್ಸಿನ ಮಿಶೆಲಿನ್ ಟಯರ್ ಕಂಪೆನಿಯ ಅಣ್ಣತಮ್ಮಂದಿರು 1900ರಲ್ಲಿ ಕಾರು ಓಡಿಸುವವರಿಗೆ ಒಂದು ಕೈಪುಸ್ತಕವನ್ನು ಪುಕ್ಕಟೆ ಹಂಚಿದರು. ಪೆಟ್ರೋಲ್ ಎಲ್ಲಿ ಸಿಗುತ್ತದೆ, ಪಂಕ್ಚರ್ ಹೇಗೆ ಹಾಕುವುದು, ರಾತ್ರಿ ಎಲ್ಲಿ ಉಳಿಯುವುದು, ಇಷ್ಟೇ ಅದರಲ್ಲಿ. ಜನ ಹೆಚ್ಚು ತಿರುಗಾಡಿದರೆ ಟಯರ್ ಹೆಚ್ಚು ಸವೆಯುತ್ತದೆ ಎಂಬುದು ಅವರ ಲೆಕ್ಕ. ಒಂದು ದಿನ ಒಂದು ಗ್ಯಾರೇಜಿನಲ್ಲಿ ಅದೇ ಪುಸ್ತಕವನ್ನು ಬೆಂಚಿನ ಕಾಲಿನಡಿಗೆ ಆಧಾರವಾಗಿ ಇಟ್ಟದ್ದನ್ನು ನೋಡಿ, ಪುಕ್ಕಟೆ ಕೊಟ್ಟದ್ದಕ್ಕೆ ಮರ್ಯಾದೆ ಇಲ್ಲ ಎಂದು 1920ರಿಂದ ದುಡ್ಡಿಗೆ ಮಾರತೊಡಗಿದರು ಎಂದು ಆ ಕಂಪೆನಿಯವರೇ ಹೇಳಿಕೊಳ್ಳುತ್ತಾರೆ. 1926ರಿಂದ ಅದರಲ್ಲಿ ಒಳ್ಳೆಯ ಊಟದ ಜಾಗಗಳಿಗೆ ನಕ್ಷತ್ರದ ಗುರುತು ಹಾಕಲು ಆರಂಭಿಸಿದರು. ಇಂದು ಲೋಕದ ದೊಡ್ಡ ದೊಡ್ಡ ಬಾಣಸಿಗರು ಆ ನಕ್ಷತ್ರಕ್ಕಾಗಿ ನಿದ್ದೆಗೆಡುತ್ತಾರೆ. ಟಯರ್ ಮಾರುವವರು ನಮ್ಮ ಕಸುಬಿನವರಿಗೆ ಮಾರ್ಕು ಹಾಕುವ ಹಾಗಾಯಿತು!

ನಮ್ಮ ಮುಂಬಯಿಯಲ್ಲಿಯೇ ಅಮುಲ್ ಬೆಣ್ಣೆಯ ಹುಡುಗಿಯ ಬೋರ್ಡು 1966ರಿಂದ ಇದೆ. ಸಿಲ್ವೆಸ್ಟರ್ ಡಾಕುನ್ಹಾ ಅವರ ಜಾಹೀರಾತು ಸಂಸ್ಥೆ ಅದನ್ನು ಹುಟ್ಟಿಸಿದ್ದು. ಬೆಣ್ಣೆಯ ಗುಣದ ವಿಷಯ ಅದರಲ್ಲಿ ಇರುವುದು ಕಡಿಮೆ. ಕ್ರಿಕೆಟ್, ಚುನಾವಣೆ, ಸಿನಿಮಾ, ಊರಿನಲ್ಲಿ ಜನ ಏನು ಮಾತಾಡುತ್ತಿದ್ದಾರೋ ಅದೇ ಬೋರ್ಡಿನಲ್ಲಿ. ನಾವು ಹುಡುಗರಾಗಿದ್ದಾಗ ಬಸ್ಸಿನಲ್ಲಿ ಹೋಗುತ್ತಾ ಹೊಸ ಬೋರ್ಡು ಹಾಕಿದ್ದಾರೆಯೇ ಎಂದು ಕುತ್ತಿಗೆ ಹೊರಗೆ ಹಾಕಿ ನೋಡುತ್ತಿದ್ದೆವು. ಜಾಹೀರಾತನ್ನು ಜನ ಹುಡುಕಿಕೊಂಡು ಹೋಗಿ ನೋಡುವುದೆಂದರೆ ಸಣ್ಣ ವಿಷಯವಲ್ಲ.

ನಮ್ಮ ಹೋಟೆಲ್ ಕಸುಬಿನಲ್ಲಿ ಇದಕ್ಕೆ ಗುರುಗಳು ಯಾರೆಂದು ಕೇಳಿದರೆ ನಾವು ಬೆಂಗಳೂರಿನ ಎಂ.ಟಿ.ಆರ್. ಹೆಸರು ಹೇಳುತ್ತೇವೆ. 1924ರಲ್ಲಿ ಮಯ್ಯ ಸಹೋದರರು ಆರಂಭಿಸಿದ ಆ ಸಂಸ್ಥೆಯ ಯಜ್ಞನಾರಾಯಣ ಮಯ್ಯರು 1951ರಲ್ಲಿ ಯುರೋಪಿಗೆ ಹೋಗಿ ಅಲ್ಲಿಯ ಹೋಟೆಲುಗಳನ್ನು ನೋಡಿ ಬಂದರು. ಬಂದವರು ಪಾತ್ರೆಗಳನ್ನು ಹಬೆಯಲ್ಲಿ ಶುದ್ಧ ಮಾಡುವ ಕ್ರಮ ತಂದರು. ಅಷ್ಟಕ್ಕೇ ನಿಲ್ಲಿಸಲಿಲ್ಲ. ಗಿರಾಕಿಗಳನ್ನು ಅಡುಗೆಮನೆಗೆ ಬಂದು ನೋಡಿ ಎಂದು ಕರೆದರು. ಹೇಗೆ ಊಟ ಮಾಡಬೇಕು ಎಂಬ ವಿಷಯದಲ್ಲಿ ಚಿಕ್ಕ ಪುಸ್ತಿಕೆ ಅಚ್ಚು ಹಾಕಿಸಿ ಹಂಚಿದರು. ಇಂದಿನ ಹುಡುಗರು ‘ಕಿಚನ್ ಟೂರ್’ ಎಂದು ವೀಡಿಯೋ ಹಾಕುವುದೂ, ‘ಟಿಪ್ಸ್’ ಎಂದು ಬರೆಯುವುದೂ ಅದನ್ನೇ. ಮಯ್ಯರಿಗೆ ಕಂಟೆಂಟ್ ಎಂಬ ಶಬ್ದ ಬೇಕಾಗಿರಲಿಲ್ಲ. ತೋರಿಸಲು ಶುಚಿಯಾದ ಅಡುಗೆಮನೆ ಇತ್ತು, ತೋರಿಸಿದರು. ಮುಂದೆ 1975ರ ತುರ್ತು ಪರಿಸ್ಥಿತಿಯ ಕಾಲದಲ್ಲಿ ಹೋಟೆಲ್ ತಿಂಡಿಗೆ ಸರಕಾರ ಅಗ್ಗದ ದರ ಕಟ್ಟಿದಾಗ ಅವರು ಪ್ಯಾಕೆಟ್ ಮಿಕ್ಸಿನ ವ್ಯವಹಾರಕ್ಕೆ ಇಳಿದರು. ಹೊಸ ಪ್ಯಾಕೆಟನ್ನು ಜನ ನಂಬಿ ಕೊಂಡದ್ದರ ಹಿಂದೆ ಆ ಅಡುಗೆಮನೆ ನೋಡಿದವರ ಮಾತು ಇತ್ತೆಂದು ನಮ್ಮ ಅಭಿಪ್ರಾಯ.

ಮುಂಬಯಿಯ ನಮ್ಮವರು ಇದರಲ್ಲಿ ಹಿಂದೆ ಬಿದ್ದದ್ದು ಯಾಕೆ? ಸಂಕೋಚ, ಮತ್ತೇನಲ್ಲ. ಎ. ರಾಮ ನಾಯಕರು 1942ರಲ್ಲಿ ಮಾಟುಂಗಾ ಸ್ಟೇಷನಿನ ಹತ್ತಿರ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್ ಆರಂಭಿಸಿದರು. ಬಾಳೆಲೆಯ ಊಟಕ್ಕೆ ಜನ ಇಂದಿಗೂ ಸರದಿಯಲ್ಲಿ ನಿಲ್ಲುತ್ತಾರೆ. ಅಂಥ ಹಳೆಯ ಮನೆಗಳು ಮಾಟುಂಗಾದಲ್ಲಿಯೇ ಎಷ್ಟು! ಆದರೆ ನಮ್ಮ ಪ್ರಚಾರವೆಂದರೆ ಏನಿತ್ತು? ಸಂಘದ ಸ್ಮರಣ ಸಂಚಿಕೆಯಲ್ಲಿ ‘ಶುಭ ಕೋರುವವರು’ ಎಂದು ಅರ್ಧ ಪುಟ, ಯಕ್ಷಗಾನ ಮೇಳದ ಕರಪತ್ರದಲ್ಲಿ ಒಂದು ಸಾಲು, ದೀಪಾವಳಿಗೆ ದೇವರ ಪಟದ ಕ್ಯಾಲೆಂಡರ್. ಅದನ್ನು ಓದುವವರು ನಮ್ಮವರೇ. ನಮ್ಮಲ್ಲಿ ದಿನಾ ಉಪ್ಪಿಟ್ಟು ತಿನ್ನುವ ಗುಜರಾತಿ, ಮರಾಠಿ ಗಿರಾಕಿಗೆ ನಾವು ಯಾರು, ಎಲ್ಲಿಂದ ಬಂದವರು ಎಂದು ಒಂದು ಸಾಲೂ ಹೇಳಿದವರಲ್ಲ.

ಹೇಳಿದವರಿಗೆ ಫಲ ಸಿಕ್ಕಿದೆ. ಮುಲ್ಕಿಯ ಕಡೆಯಿಂದ ಬಂದ ರಘುನಂದನ ಕಾಮತರು 1984ರಲ್ಲಿ ಜುಹೂವಿನಲ್ಲಿ ಪಾವ್‌ಭಾಜಿಯ ಜೊತೆಗೆ ಐಸ್‌ಕ್ರೀಂ ಇಟ್ಟು ನ್ಯಾಚುರಲ್ಸ್ ಕಟ್ಟಿದರು. 2024ರ ಮೇ ತಿಂಗಳಲ್ಲಿ ಅವರು ತೀರಿಕೊಂಡಾಗ ಇಂಗ್ಲಿಷ್ ಪೇಪರಿನವರೆಲ್ಲ ‘ಹಣ್ಣಿನ ವ್ಯಾಪಾರಿಯ ಮಗ’ ಎಂದೇ ಬರೆದರು. ಆ ಕಥೆ ಜನರ ಬಾಯಲ್ಲಿ ಮೊದಲೇ ಇತ್ತು. ವಿಠ್ಠಲ ಕಾಮತರು ‘ಇಡ್ಲಿ, ಆರ್ಕಿಡ್ ಆಣಿ ಮೀ’ ಎಂದು ಮರಾಠಿಯಲ್ಲಿ ತಮ್ಮ ಕಥೆ ಬರೆದರು. ಅದನ್ನು ಓದಿದ ಮರಾಠಿ ಹುಡುಗರು ಎಷ್ಟೋ ಮಂದಿ ನಮಗೇ ಸಿಕ್ಕಿದ್ದಾರೆ. ಇನ್ನು 2024ರ ಜುಲೈಯಲ್ಲಿ ಅಂಬಾನಿಯವರ ಮನೆಯ ಮದುವೆಯಲ್ಲಿ ಮದುಮಕ್ಕಳು ಮಾಟುಂಗಾದ ಕೆಫೆ ಮೈಸೂರಿನ ಹಿರಿಯ ಅಮ್ಮನವರ ಆಶೀರ್ವಾದ ಪಡೆದ ವೀಡಿಯೋ ದೇಶವೆಲ್ಲ ನೋಡಿತು. ಅದನ್ನು ಯಾವ ದುಡ್ಡಿಗೂ ಮಾಡಿಸಲಿಕ್ಕಾಗದು. ಅದು ಎಷ್ಟೋ ವರ್ಷ ಸರಿಯಾದ ಇಡ್ಲಿ ಕೊಟ್ಟದ್ದರ ಬಡ್ಡಿ.

ಕಂಪೆನಿಯೊಳಗೆ ಯಾಕೆ ಬಂದರು

ಮೊದಲು ದೊಡ್ಡ ಕಂಪೆನಿಗಳು ಈ ಕೆಲಸವನ್ನೆಲ್ಲ ಹೊರಗಿನ ಜಾಹೀರಾತು ಸಂಸ್ಥೆಗೆ ಕೊಡುತ್ತಿದ್ದವು. ವರ್ಷಕ್ಕೆ ನಾಲ್ಕು ಜಾಹೀರಾತು ಆದರೆ ಸಾಕಿತ್ತು. ಈಗ ಪ್ರತಿದಿನ ಏನಾದರೂ ಹೇಳಬೇಕು, ಗಿರಾಕಿ ಬೆಳಿಗ್ಗೆ ಬೈದರೆ ಮಧ್ಯಾಹ್ನದೊಳಗೆ ಉತ್ತರ ಕೊಡಬೇಕು. ಹೊರಗಿನವರಿಗೆ ಒಳಗಿನ ವಿಷಯ ಗೊತ್ತಿರುವುದಿಲ್ಲ. ಹಾಗಾಗಿ ಬ್ಯಾಂಕು, ಆಸ್ಪತ್ರೆ, ಬಿಲ್ಡರು, ಮಸಾಲೆ ಕಂಪೆನಿ, ಎಲ್ಲರೂ ಬರೆಯುವ, ವೀಡಿಯೋ ಮಾಡುವ ಜನರನ್ನು ಸಂಬಳಕ್ಕೆ ಒಳಗೇ ಕೂರಿಸಿಕೊಂಡಿದ್ದಾರೆ. ಮಾಲು ತಯಾರಿಸುವವರ ಹತ್ತಿರ ಹೋಗಿ ಕೇಳಿ ಬರೆಯುವುದು ಅವರ ಕೆಲಸ. ಮೊದಲು ಮಾರಾಟ ವಿಭಾಗದ ಮೂಲೆಯಲ್ಲಿ ಒಂದು ಕುರ್ಚಿ ಇದ್ದವರಿಗೆ ಈಗ ಬೇರೆಯೇ ವಿಭಾಗ, ಬೇರೆಯೇ ಮುಖ್ಯಸ್ಥರು.

ನಮ್ಮ ಕಸುಬಿಗೆ ಇದು ತಾಗಿದ್ದು ಇನ್ನೊಂದು ದಾರಿಯಿಂದ. ಜೊಮ್ಯಾಟೊ ಹುಟ್ಟಿದ್ದು ಹೇಗೆಂದು ಬಲ್ಲಿರಾ? 2008ರಲ್ಲಿ ದಿಲ್ಲಿಯಲ್ಲಿ ಇಬ್ಬರು ತರುಣರು ಹೋಟೆಲುಗಳ ಮೆನು ಕಾರ್ಡನ್ನು ಸ್ಕ್ಯಾನ್ ಮಾಡಿ ಕಂಪ್ಯೂಟರಿಗೆ ಹಾಕಿದರು. ಆಗ ಅದರ ಹೆಸರು ಫುಡಿಬೇ. ಜೊಮ್ಯಾಟೊ ಎಂಬ ಹೆಸರು 2010ರಲ್ಲಿ ಬಂತು. ಆಗ ಅವರಲ್ಲಿ ಒಂದು ಬಾಣಲೆಯೂ ಇರಲಿಲ್ಲ, ಡೆಲಿವರಿಯ ಒಬ್ಬ ಹುಡುಗನೂ ಇರಲಿಲ್ಲ. ಇದ್ದ ಬಂಡವಾಳ ನಮ್ಮ ಮೆನು ಕಾರ್ಡು, ನಮ್ಮ ಫೋಟೋ, ನಮ್ಮ ಗಿರಾಕಿ ಬರೆದ ಅಭಿಪ್ರಾಯ. ನಾವು ಪ್ರಿಂಟಿಂಗ್ ಪ್ರೆಸ್ಸಿಗೆ ದುಡ್ಡು ಕೊಟ್ಟು ಮಾಡಿಸಿದ ಕಾಗದವೇ ಅವರಿಗೆ ಕಂಟೆಂಟ್ ಆಯಿತು.

ಆಮೇಲೆ ಡೆಲಿವರಿ ಬಂತು. ಇಲ್ಲಿ ಒಂದು ಮಾತನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು. ಮೂವತ್ತು ವರ್ಷ ನಮ್ಮ ಹೋಟೆಲಿನ ಕಂಟೆಂಟ್ ಎಂದರೆ ಗಲ್ಲಾದಲ್ಲಿ ಕುಳಿತ ನಾವೇ. ಗಿರಾಕಿ ದುಡ್ಡು ಕೊಡಲು ಬರುವಾಗ “ಇಂದು ಬನ್ಸ್ ಬಿಸಿ ಇದೆ”, “ಊರಿನಿಂದ ಹೊಸ ಉಪ್ಪಿನಕಾಯಿ ಬಂದಿದೆ”, “ಮಗಳಿಗೆ ಪರೀಕ್ಷೆ ಹೇಗಾಯಿತು” ಎಂದು ಕೇಳುತ್ತಿದ್ದೆವು. ಸಾಂಬಾರಿಗೆ ಉಪ್ಪು ಹೆಚ್ಚಾದರೆ ಅವರು ಅಲ್ಲಿಯೇ ಹೇಳುತ್ತಿದ್ದರು, ನಾವು ಅಲ್ಲಿಯೇ ತಪ್ಪಾಯಿತು ಎನ್ನುತ್ತಿದ್ದೆವು. ಈಗ ಅದೇ ಗಿರಾಕಿ ಮೂರನೆಯ ಮಾಳಿಗೆಯಲ್ಲಿ ಕುಳಿತು ಫೋನಿನಲ್ಲಿ ಆರ್ಡರ್ ಕೊಡುತ್ತಾರೆ. ಗಲ್ಲಾಕ್ಕೆ ಬರುವುದು ಹೆಲ್ಮೆಟ್ ಹಾಕಿದ ಹುಡುಗ. ಅವನ ಬಳಿ ಮಾತಿಗೆ ಸಮಯವಿಲ್ಲ. ಗಿರಾಕಿಯ ಹೆಸರು, ನಂಬರು ನಮಗೆ ಸಿಗುವುದಿಲ್ಲ ಎಂಬುದೇ ನಮ್ಮ ಕಸುಬಿನವರ ದೊಡ್ಡ ದೂರಾಗಿತ್ತು. ರಾಷ್ಟ್ರೀಯ ರೆಸ್ಟೋರೆಂಟ್ ಸಂಘ 2021ರಲ್ಲಿ ಇದನ್ನೂ ಕಮಿಷನ್ನಿನ ವಿಷಯವನ್ನೂ ಸ್ಪರ್ಧಾ ಆಯೋಗದ ಮುಂದೆ ಒಯ್ದಿತು. 2022ರ ಏಪ್ರಿಲ್‌ನಲ್ಲಿ ಆಯೋಗ ತನಿಖೆಗೆ ಆದೇಶ ಮಾಡಿತು. ಕಾನೂನಿನ ದಾರಿ ಕಾನೂನಿಗೆ ಇರಲಿ. ಗಲ್ಲಾದಲ್ಲಿ ನಿಂತುಹೋದ ಮಾತನ್ನು ಬೇರೆ ಎಲ್ಲಿಯಾದರೂ ಮುಂದುವರಿಸಲೇ ಬೇಕಾಯಿತು. ಆ ಹಿರಿಯರು ಕೇಳಿದ ‘ಸಂಬಳ ಯಾವುದಕ್ಕೆ’ ಎಂಬ ಪ್ರಶ್ನೆಗೆ ಉತ್ತರ ಇದು: ಗಲ್ಲಾದಲ್ಲಿ ನಾವು ಪುಕ್ಕಟೆ ಮಾಡುತ್ತಿದ್ದ ಕೆಲಸಕ್ಕೆ.

ಬಾಂದ್ರಾದಲ್ಲಿ 2024ರಲ್ಲಿ ಬೆಂಗಳೂರಿನ ದಂಪತಿಗಳು ‘ಬೆಣ್ಣೆ’ ಎಂಬ ಚಿಕ್ಕ ದೋಸೆ ಜಾಗ ತೆರೆದಾಗ ನಮ್ಮಲ್ಲಿ ಹಲವರು ಮುಖ ಸಿಂಡರಿಸಿದರು. ನಾವೇನು ಐವತ್ತು ವರ್ಷದಿಂದ ದೋಸೆ ಹಾಕುತ್ತಿಲ್ಲವೇ ಎಂದು. ಹೌದು, ಹಾಕುತ್ತಿದ್ದೇವೆ. ಆದರೆ ಮುಂಬಯಿಯ ದೋಸೆಗೂ ಬೆಂಗಳೂರಿನ ಬೆಣ್ಣೆ ದೋಸೆಗೂ ಏನು ಭೇದ ಎಂದು ಈ ನಗರದವರಿಗೆ ಕೂತು ಹೇಳಿದವರು ಅವರು. ಸರದಿ ಅಲ್ಲಿ ನಿಂತಿತು.

ನಾವು ಕೈ ಸುಟ್ಟುಕೊಂಡದ್ದು

ಕೊರೋನಾ ಮುಗಿದು ಹೋಟೆಲ್ ಪುನಃ ಪೂರ್ತಿ ತೆರೆದ ಮೇಲೆ ವ್ಯಾಪಾರ ಏಳುತ್ತಿರಲಿಲ್ಲ. ಯಾರೋ ಹೇಳಿದರೆಂದು ನಾವು ಒಂದು ಹೊರಗಿನ ಸಂಸ್ಥೆಗೆ ತಿಂಗಳ ಲೆಕ್ಕದಲ್ಲಿ ಈ ಕೆಲಸ ಕೊಟ್ಟೆವು. ಬಂದ ಹುಡುಗ ಅರ್ಧ ಗಂಟೆ ಕುಳಿತ, ಒಂದು ಮಸಾಲೆ ದೋಸೆ ತಿಂದ, ಹತ್ತು ಫೋಟೋ ತೆಗೆದ, ಹೋದ. ಮತ್ತೆ ಅವನನ್ನು ನಾವು ನೋಡಲಿಲ್ಲ. ಪ್ರತಿದಿನ ಏನೋ ಬರುತ್ತಿತ್ತು, ನಮಗೆ ಅದನ್ನು ಓದಲು ಪುರುಸೊತ್ತಿಲ್ಲ.

ಒಂದು ದಿನ ನಮ್ಮ ಹಳೆಯ ಗಿರಾಕಿ, ನಿವೃತ್ತ ಮರಾಠಿ ಶಾಲಾ ಮಾಸ್ತರರು, ಫೋನು ಹಿಡಿದುಕೊಂಡು ಗಲ್ಲಾಕ್ಕೆ ಬಂದರು. “ಅಣ್ಣಾ, 1948ರಲ್ಲಿ ಇಲ್ಲಿ ಭತ್ತದ ಗದ್ದೆ ಇತ್ತು. ನಿಮ್ಮ ಅಜ್ಜಿ ಗದ್ದೆಯ ನಡುವೆ ಹೋಟೆಲ್ ಇಟ್ಟಿದ್ದರೇ?” ಎಂದು ಕೇಳಿದರು. ನೋಡಿದರೆ ‘1948ರಿಂದ, ಅಜ್ಜಿಯ ಕೈರುಚಿ, ಶುದ್ಧ ದೇಸಿ ತುಪ್ಪದಲ್ಲಿ’ ಎಂದು ಬರೆದಿದೆ. ನಾವು ಹೋಟೆಲ್ ಹಾಕಿದ್ದು 1996ರಲ್ಲಿ. ನಮ್ಮ ಅಜ್ಜಿ ಮುಂಬಯಿಯ ಮುಖವನ್ನೇ ನೋಡಿದವರಲ್ಲ. ದೋಸೆಗೆ ನಾವು ಹಾಕುವುದು ಎಣ್ಣೆ, ಕೇಳಿದವರಿಗೆ ಬೆಣ್ಣೆ. ತುಪ್ಪವೆಂದು ಯಾವತ್ತೂ ಹೇಳಿದವರಲ್ಲ. ಫೋಟೋದಲ್ಲಿದ್ದ ಬಾಳೆಲೆಯೂ ನಮ್ಮದಲ್ಲ, ಎಲ್ಲಿಂದಲೋ ಎತ್ತಿದ್ದು. ಮಾಸ್ತರರು ನಕ್ಕರು. ನಮಗೆ ನಗು ಬರಲಿಲ್ಲ. ಇಪ್ಪತ್ತೈದು ವರ್ಷದಿಂದ ನಮ್ಮ ಬಿಲ್ಲನ್ನು ಎಣಿಸದೆ ದುಡ್ಡು ಕೊಡುತ್ತಿದ್ದವರು ಅವರು.

ಇದು ಬರೀ ಮರ್ಯಾದೆಯ ವಿಷಯವಲ್ಲ ಎಂದು ಆಮೇಲೆ ತಿಳಿಯಿತು. ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆ 2006ರ 53ನೆಯ ಕಲಮಿನಂತೆ ಆಹಾರದ ವಿಷಯದಲ್ಲಿ ದಾರಿ ತಪ್ಪಿಸುವ ಜಾಹೀರಾತು ಕೊಟ್ಟರೆ 10 ಲಕ್ಷ ರೂಪಾಯಿವರೆಗೆ ದಂಡ ಇದೆ. 2018ರ ಜಾಹೀರಾತು ನಿಯಮಗಳಲ್ಲಿ ನ್ಯಾಚುರಲ್, ಫ್ರೆಶ್, ಪ್ಯೂರ್, ಟ್ರೆಡಿಶನಲ್ ಮುಂತಾದ ಶಬ್ದಗಳನ್ನು ಎಲ್ಲಿ ಬಳಸಬಹುದು, ಎಲ್ಲಿ ಬಾರದು ಎಂದೇ ಹೇಳಿದ್ದಾರೆ. ಫೋನಿನಲ್ಲಿ ಹಾಕಿದ್ದು ಜಾಹೀರಾತಲ್ಲ ಎಂದು ವಾದಿಸಿ ತಪ್ಪಿಸಿಕೊಳ್ಳುವಂತಿಲ್ಲ. ಇನ್ನು ದುಡ್ಡು ತೆಗೆದುಕೊಂಡು ಅಥವಾ ಪುಕ್ಕಟೆ ತಿಂದು ಹೊಗಳುವ ರೀಲ್ಸಿನವರು ಆ ಸಂಗತಿಯನ್ನು ವೀಡಿಯೋದಲ್ಲಿಯೇ ಹೇಳಬೇಕೆಂದು 2023ರ ಜನವರಿಯಲ್ಲಿ ಕೇಂದ್ರ ಗ್ರಾಹಕ ಇಲಾಖೆ ಮಾರ್ಗಸೂಚಿ ಹೊರಡಿಸಿದೆ. ಹತ್ತು ಜನ ಬಂದು ಊಟ ಮಾಡಿ ಬಿಲ್ಲು ಬೇಡ, ವೀಡಿಯೋ ಹಾಕುತ್ತೇವೆ ಎನ್ನುವವರು ಬಂದರೆ ಈ ಮಾತನ್ನು ನೆನಪಿಸಿರಿ. ಅರ್ಧ ಜನ ಬಿಲ್ಲು ಕೊಟ್ಟು ಹೋಗುತ್ತಾರೆ.

ಆ ಸಂಸ್ಥೆಯನ್ನು ಬಿಡಿಸುವಾಗ ಇನ್ನೊಂದು ಪೆಟ್ಟು ಬಿತ್ತು. ಹೋಟೆಲಿನ ಪೇಜು ತೆರೆದದ್ದು ಅವರ ಫೋನ್ ನಂಬರಿನಲ್ಲಿ, ಪಾಸ್‌ವರ್ಡ್ ಅವರದ್ದು. ಅದನ್ನು ಕೈಗೆ ತೆಗೆದುಕೊಳ್ಳಲು ನಾಲ್ಕು ತಿಂಗಳು ಹಿಡಿಯಿತು. ಆದ್ದರಿಂದ ಪೇಜು, ಗೂಗಲ್ ಮ್ಯಾಪಿನ ಖಾತೆ, ವಾಟ್ಸಾಪ್ ನಂಬರು, ಇವೆಲ್ಲ ಮಾಲಕರ ಹೆಸರಿನಲ್ಲಿಯೇ ಇರಬೇಕು. ಹೋಟೆಲನ್ನು ಕಂಡಕ್ಟಿಗೆ ಕೊಡುವವರು ಇದನ್ನು ವಿಶೇಷವಾಗಿ ಗಮನಿಸಬೇಕು. ನಾವು ನೋಡಿದ ಕಂಡಕ್ಟಿಂಗ್ ಎಗ್ರಿಮೆಂಟುಗಳಲ್ಲಿ ಫ್ರಿಜ್ಜು, ಗ್ರೈಂಡರು, ಮೇಜು, ಕುರ್ಚಿ ಎಲ್ಲ ಎಣಿಸಿ ಬರೆದಿರುತ್ತದೆ. ಪೇಜಿನ ವಿಷಯ ಒಂದು ಅಕ್ಷರ ಇರುವುದಿಲ್ಲ. ಮೂರು ವರ್ಷ ಮುಗಿದು ಕಂಡಕ್ಟರು ಹೋಗುವಾಗ ಗಿರಾಕಿಗಳು ಬರೆದ ಅಭಿಪ್ರಾಯವೆಲ್ಲ ಅವರ ಜೇಬಿನಲ್ಲಿ ಹೋಗುತ್ತದೆ.

ಒಳಗಿನವರು ಬಂದ ಮೇಲೆ

ಎರಡನೆಯ ಸಲ ನಾವು ಹೊರಗೆ ಹುಡುಕಲಿಲ್ಲ. ನಮ್ಮ ಕ್ಯಾಪ್ಟನರ ಮಗಳು ಇಲ್ಲಿಯ ಕಾಲೇಜಿನಲ್ಲಿ ಮಾಸ್ ಮೀಡಿಯಾ ಕಲಿತು ಕೆಲಸ ಹುಡುಕುತ್ತಿದ್ದಳು. ದಿನಕ್ಕೆ ನಾಲ್ಕು ಗಂಟೆ ಹೋಟೆಲಿಗೆ ಬಂದು ಕುಳಿತುಕೋ ಮಗಾ ಎಂದೆವು. ಮೊದಲ ತಿಂಗಳು ಅವಳು ಏನೂ ಹಾಕಲಿಲ್ಲ. ಬರೀ ಪ್ರಶ್ನೆ. ಬೆಳಗ್ಗಿನ ಸಾಂಬಾರಿಗೂ ಮಧ್ಯಾಹ್ನದ ಸಾಂಬಾರಿಗೂ ರುಚಿ ಯಾಕೆ ಬೇರೆ? ಹಿಟ್ಟು ಎಷ್ಟು ಗಂಟೆಗೆ ರುಬ್ಬುತ್ತೀರಿ? ಸೋಮವಾರ ಯಾಕೆ ಇಡ್ಲಿ ಹೆಚ್ಚು ಖರ್ಚು? ಸಂಬಳ ಕೊಟ್ಟು ಪ್ರಶ್ನೆ ಕೇಳಿಸಿಕೊಳ್ಳುವುದೇ ಎಂದು ನಮ್ಮ ಪಾರ್ಟ್‌ನರು ಗೊಣಗಿದರು.

ಅವಳು ಮೊದಲು ಮಾಡಿದ್ದು ಯಾವ ಚಂದದ ಕೆಲಸವೂ ಅಲ್ಲ. ಗೂಗಲ್ ಮ್ಯಾಪಿನಲ್ಲಿ ನಮ್ಮ ಹೋಟೆಲ್ ಬೆಳಿಗ್ಗೆ ಒಂಬತ್ತಕ್ಕೆ ತೆರೆಯುತ್ತದೆ ಎಂದಿತ್ತು. ನಾವು ತೆರೆಯುವುದು ಆರೂವರೆಗೆ. ಫೋನ್ ನಂಬರು ಹಳೆಯದು. ಮೆನು ಕಾರ್ಡು ಎರಡು ದರದ ಹಿಂದಿನದ್ದು, ಗಿರಾಕಿಗಳು ಅದನ್ನು ತೋರಿಸಿ ಜಗಳಾಡುತ್ತಿದ್ದರು. ಇದನ್ನೆಲ್ಲ ಸರಿಮಾಡಿದಳು. ಬೆಳಿಗ್ಗೆ ವಾಕಿಂಗ್ ಹೋಗುವವರ ಹೊಸ ಮುಖಗಳು ಬರತೊಡಗಿದವು. ಬಂಧುಗಳೇ, ಬೇರೆ ಏನೂ ಮಾಡದಿದ್ದರೂ ಇಷ್ಟನ್ನು ಈ ವಾರವೇ ಮಾಡಿಸಿರಿ, ಖರ್ಚಿಲ್ಲ.

ಬೈದವರಿಗೆ ಉತ್ತರ ಬರೆಯುವುದು ಎರಡನೆಯ ಕೆಲಸ. ಮೊದಲು ನಾವು ಎಲ್ಲರಿಗೂ ಒಂದೇ ಸಾಲು, ‘ನಿಮ್ಮ ಅಭಿಪ್ರಾಯಕ್ಕೆ ಧನ್ಯವಾದ’ ಎಂದು ಹಾಕಿಸುತ್ತಿದ್ದೆವು. ಅವಳು ಅಡುಗೆಮನೆಗೆ ಹೋಗಿ ಕೇಳಿ ಬಂದು, ‘ಅಂದು ಗ್ರೈಂಡರ್ ಹಾಳಾಗಿ ಚಟ್ನಿ ತರಿಯಾಗಿತ್ತು, ತಪ್ಪು ನಮ್ಮದು’ ಎಂದು ಬರೆದಳು. ಮಾಲಕರು ಒಪ್ಪದೆ ಇಂಥ ಉತ್ತರ ಬರೆಯಲಾಗದು. ಹೊರಗಿನ ಸಂಸ್ಥೆಗಂತೂ ಸಾಧ್ಯವೇ ಇಲ್ಲ. ಒಳ್ಳೆಯ ಅಭಿಪ್ರಾಯವನ್ನು ದುಡ್ಡು ಕೊಟ್ಟು ಬರೆಸುವ ವ್ಯಾಪಾರವೂ ಪೇಟೆಯಲ್ಲಿ ಇದೆ. ಅದನ್ನು ತಡೆಯಲು 2022ರಲ್ಲಿ ಸರಕಾರ ಒಂದು ಭಾರತೀಯ ಮಾನಕವನ್ನೇ ತಂದಿದೆ. ನಾವು ಆ ಕಡೆ ಹೋಗಲಿಲ್ಲ.

ಕ್ಯಾಟರಿಂಗಿಗೆ ಹೆಚ್ಚು ಪ್ರಯೋಜನವಾದದ್ದು ಒಂದು ಸಾದಾ ಕಾಗದ. ಮನೆಯಲ್ಲಿ ಸತ್ಯನಾರಾಯಣ ಪೂಜೆ, ನಾಮಕರಣ, ಐವತ್ತು ಜನ ಎಂದಾದರೆ ಯಾವ ತಿಂಡಿ ಎಷ್ಟು ಬೇಕು, ಮಕ್ಕಳು ಹೆಚ್ಚಿದ್ದರೆ ಏನು ಕಡಿಮೆ ಮಾಡಬೇಕು, ಮೇ ತಿಂಗಳ ಸೆಕೆಯಲ್ಲಿ ಯಾವ ಪದಾರ್ಥ ಮಧ್ಯಾಹ್ನದವರೆಗೆ ಉಳಿಯುವುದಿಲ್ಲ ಎಂದು ನಮ್ಮ ಮೇಸ್ತ್ರಿಯವರನ್ನು ಕೇಳಿ ಹಿಂದಿ, ಮರಾಠಿ, ಇಂಗ್ಲಿಷಿನಲ್ಲಿ ಬರೆದು ವಾಟ್ಸಾಪಿನಲ್ಲಿ ಬಿಟ್ಟಳು. ನಮ್ಮಲ್ಲೇ ಆರ್ಡರ್ ಕೊಡಿ ಎಂಬ ಮಾತು ಅದರಲ್ಲಿ ಇಲ್ಲ, ಕೆಳಗೆ ಹೋಟೆಲಿನ ಹೆಸರು ಮಾತ್ರ. ಸೊಸೈಟಿಗಳ ಗುಂಪಿನಲ್ಲಿ ಅದು ತಿರುಗಿ ತಿರುಗಿ, ಕಾಣದ ಕಟ್ಟಡಗಳಿಂದ ಫೋನು ಬಂತು. ಬೇಕಾದ್ದಕ್ಕಿಂತ ಹೆಚ್ಚು ಬರೆದರೆ ಆರ್ಡರ್ ದೊಡ್ಡದಾಗುತ್ತದಲ್ಲ ಎಂದು ನಾವು ಹೇಳಿದ್ದೆವು. ಅವಳು ಕೇಳಲಿಲ್ಲ. ಅನ್ನ ಉಳಿದ ಮನೆಯವರು ಮತ್ತೆ ಕರೆಯುವುದಿಲ್ಲ ಎಂದಳು. ಸರಿಯೇ.

ಎಲ್ಲವೂ ಹೀಗೆ ಚೆನ್ನಾಗಿಯೇ ಆಯಿತೆಂದು ಬರೆದರೆ ನಾವೂ ಆ ಹೊರಗಿನ ಸಂಸ್ಥೆಯ ಹಾಗೆಯೇ ಆದೆವು. ಅವಳು ನಮ್ಮ ದೋಸೆ ಭಟ್ಟರ ವೀಡಿಯೋ ಮಾಡಿದಳು. ಹತ್ತೊಂಬತ್ತು ವರ್ಷ ನಮ್ಮ ಕಾವಲಿಯ ಮುಂದೆ ನಿಂತವರು. ಹಿಟ್ಟು ಹೊಯ್ಯುವ ಮೊದಲು ನೀರು ಚಿಮುಕಿಸಿ ಶಬ್ದ ಕೇಳುತ್ತಾರೆ, ಶಬ್ದದಲ್ಲಿಯೇ ಕಾವಲಿಯ ಬಿಸಿ ತಿಳಿಯುತ್ತಾರೆ. ಅದು ನಮಗೇ ಗೊತ್ತಿರಲಿಲ್ಲ. ಆ ವೀಡಿಯೋವನ್ನು ನಾವು ಎಣಿಸದಷ್ಟು ಜನ ನೋಡಿದರು. ಭಾಂಡೂಪಿನಿಂದ, ವಸಾಯಿಯಿಂದ ಅವರನ್ನು ನೋಡಲೆಂದೇ ಬಂದರು. ಆರು ವಾರದ ಮೇಲೆ ಹೊಸದಾಗಿ ತೆರೆದ ಒಂದು ದೋಸೆ ಹೋಟೆಲಿನವರು ನಮ್ಮ ಒಂದೂವರೆ ಪಟ್ಟು ಸಂಬಳ ಹೇಳಿ ಅವರನ್ನು ಕರೆದರು. ಭಟ್ಟರು ರಾತ್ರಿ ಹೋಟೆಲ್ ಮುಚ್ಚಿದ ಮೇಲೆ ಬಂದು, “ಅಣ್ಣಾ, ಊರಲ್ಲಿ ಮನೆಯ ಮಾಡು ಕಟ್ಟಿಸಬೇಕು” ಎಂದು ಮಾತ್ರ ಹೇಳಿದರು. ನಾವು ಅಷ್ಟು ಕೊಡಲಾಗಲಿಲ್ಲ. ಹೋದರು.

ಪಾರ್ಟ್‌ನರು ಸಿಟ್ಟಾಗಿ ಆ ಹುಡುಗಿಯನ್ನು ಬಿಡಿಸು ಎಂದರು. ನಮಗೂ ಒಂದು ದಿನ ಹಾಗೇ ಅನಿಸಿತ್ತು. ಆದರೆ ಲೆಕ್ಕ ಹಾಕಿ ನೋಡಿದರೆ ಹತ್ತೊಂಬತ್ತು ವರ್ಷ ನಾವು ಅವರಿಗೆ ಕೊಟ್ಟದ್ದು ಪೇಟೆಯಲ್ಲಿ ಯಾರೂ ಅವರನ್ನು ನೋಡದಿದ್ದಾಗಿನ ಸಂಬಳ. ವೀಡಿಯೋ ಬಂದ ಮೇಲೆ ಅವರ ಬೆಲೆ ಅವರಿಗೂ ತಿಳಿಯಿತು, ನಮಗೂ ತಿಳಿಯಿತು. ಇದಕ್ಕೆ ಹುಡುಗಿ ಏನು ಮಾಡಿಯಾಳು? ಕಂಟೆಂಟ್ ಕೆಲಸದವರನ್ನು ಒಳಗೆ ತರುವ ಮಾಲಕರು ಈ ಖರ್ಚನ್ನೂ ಲೆಕ್ಕದಲ್ಲಿ ಹಿಡಿಯಬೇಕು. ಈಗ ಮೇಸ್ತ್ರಿಗೂ ಗ್ರೈಂಡರಿನವರಿಗೂ ಸಂಬಳ ಏರಿಸಿದ್ದೇವೆ. ವೀಡಿಯೋದಲ್ಲಿ ಯಾರ ಮುಖ ಬಂದರೂ ಮೊದಲು ಅವರ ಒಪ್ಪಿಗೆ, ಮತ್ತೆ ಒಂದು ಸಣ್ಣ ಮೊತ್ತ.

ಇನ್ನು ಚಿಕ್ಕ ಹೋಟೆಲಿನವರು ಇದಕ್ಕೆ ಪೂರ್ತಿ ಆಳು ಇಡಬೇಕಾಗಿಲ್ಲ. ಒಂದೇ ವಠಾರದ ಮೂರು-ನಾಲ್ಕು ಹೋಟೆಲಿನವರು ಸೇರಿ ಒಬ್ಬರನ್ನು ಇಡಬಹುದು, ವಾರಕ್ಕೆ ಒಂದೊಂದು ದಿನ ಒಂದೊಂದು ಕಡೆ. ಮನೆಯಲ್ಲಿಯೇ ಓದಿದ ಮಕ್ಕಳಿದ್ದರೆ ಇನ್ನೂ ಒಳ್ಳೆಯದು. ಹೋಟೆಲ್ ಬೇಡ, ಕಂಪ್ಯೂಟರ್ ಬೇಕು ಎನ್ನುವ ಮಕ್ಕಳು ಈ ನೆಪದಿಂದಾದರೂ ಅಡುಗೆಮನೆಗೆ ಕಾಲಿಡುತ್ತಾರೆ. ಬರೆದದ್ದನ್ನು ಹಾಕುವ ಮೊದಲು ಮಾಲಕರು ಒಮ್ಮೆ ಓದಿಸಿ ಕೇಳಬೇಕು. ನಾವು ಮಧ್ಯಾಹ್ನ ಮೂರೂವರೆಗೆ, ಚಹದ ಹೊತ್ತಿಗೆ ಕೇಳುತ್ತೇವೆ. ಹತ್ತು ನಿಮಿಷದ ಕೆಲಸ.

ಹೊಸ ದೋಸೆಯವನು ಬಂದು ಎರಡು ತಿಂಗಳಾಯಿತು. ಕುಂದಾಪುರದ ಕಡೆಯ ಹುಡುಗ, ಕೈ ಒಳ್ಳೆಯದಿದೆ. ವೀಡಿಯೋಕ್ಕೆ ಒಪ್ಪಿಗೆ ಕೇಳಿದಾಗ ಕೈ ಮಾತ್ರ ತೆಗೆಯಿರಿ, ಮುಖ ಬೇಡ ಎಂದ. ಯಾಕೆಂದು ಕೇಳಿದೆವು. ಊರಿನಲ್ಲಿ ಹೆಣ್ಣು ನೋಡುತ್ತಿದ್ದಾರಂತೆ, ಮುಂಬಯಿಯಲ್ಲಿ ಕಂಪೆನಿಯಲ್ಲಿ ಕೆಲಸ ಎಂದು ಮನೆಯವರು ಹೇಳಿದ್ದಾರಂತೆ. ಈಗ ನಮ್ಮ ಪೇಜಿನಲ್ಲಿ ಬರುತ್ತಿರುವುದು ಅವನ ಎರಡು ಕೈ ಮಾತ್ರ.